ಅಲೀಪುರದ ಸನ್ನೆ ಭಾಷೆಯನ್ನು ದಾಖಲಿಸಲು ನಿಘಂಟಿನಿಂದಲೇ ಆರಂಭಿಸಬಹುದೇ?

ಭಾರತೀಯ ಸಂಜ್ಞಾ ಭಾಷೆ ಕಲಿತಿದ್ದೀರಿ. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಸನ್ನೆ ಭಾಷೆ ಮರೆಯಾಗುವ ಮೊದಲೇ ಅದರ ನಿಘಂಟು ಮಾಡಬೇಕೆಂದಿದ್ದೀರಿ. ಇದೇ ಸಿದ್ಧತೆಯೊಂದಿಗೆ ನಾನೂ ಅಲ್ಲಿಗೆ ಹೋಗಿದ್ದೆ.

ಹಸು, ಕೊಡೆ, ಮಳೆ, ಮದುವೆ ಎಂದು ಚಿತ್ರದ ಕಾರ್ಡುಗಳನ್ನು ಒಯ್ದಿದ್ದೆ. ಕಿವುಡರ ಶಾಲೆಯಲ್ಲಿ ಓದಿ ಊರಿಗೆ ಮರಳಿದ್ದ ಯುವಕನೊಬ್ಬ ಸಿಕ್ಕಿದ. ಅವನೊಡನೆ ಸಲೀಸಾಗಿ ಮಾತಾಡಬಹುದು ಎಂಬ ಒಂದೇ ಕಾರಣಕ್ಕೆ ಅವನನ್ನೇ ಕ್ಯಾಮೆರಾದ ಮುಂದೆ ಕೂರಿಸಿದೆ. ಕೆಟ್ಟದ್ದು ಅಲ್ಲಿಯೇ. ನನಗೆ ಸಲೀಸೆನಿಸಿದ್ದು ಅವನು ನನ್ನ ಭಾಷೆಗೆ, ಅಂದರೆ ಭಾರತೀಯ ಸಂಜ್ಞಾ ಭಾಷೆಗೆ, ಹೊರಳಿಕೊಂಡಿದ್ದರಿಂದ. ಕಾರ್ಡು ಕಂಡೊಡನೆ ಅವನು ಶಾಲೆಯಲ್ಲಿ ಕಲಿತ ಸನ್ನೆಯನ್ನೇ ಮಾಡುತ್ತಿದ್ದ. ಅಪರಿಚಿತ ಸನ್ನೆಯೊಂದು ಕಂಡಾಗಲೂ ಅದು ಊರಿನದೋ, ಅವನ ಮನೆಯದೋ, ನನಗೆ ತಿಳಿಯಲೆಂದು ಆ ಕ್ಷಣಕ್ಕೆ ಮಾಡಿದ ಅಭಿನಯವೋ ಎಂದು ಬೇರ್ಪಡಿಸಲು ದಾರಿಯೇ ಇರಲಿಲ್ಲ. ಒಬ್ಬನೇ ಕುಳಿತು ಕಾರ್ಡಿಗೆ ಉತ್ತರಿಸುವಾಗ ಅವನನ್ನು ತಿದ್ದಲು, ಒಪ್ಪಲು ಎದುರಿಗೆ ಊರಿನವರು ಯಾರೂ ಇರುವುದಿಲ್ಲವಲ್ಲ. ಅದೇ ಹೊತ್ತಿಗೆ ಪಕ್ಕದ ಹರಳು ಪಾಲಿಶ್ ಮಾಡುವ ಕೋಣೆಯಲ್ಲಿ ಕಿವುಡರಾದ ಹಿರಿಯ ಕೆಲಸಗಾರರೊಬ್ಬರು ಎಡಗೈ ಬೆರಳುಗಳ ನಡುವೆ ಹರಳನ್ನು ಹಿಡಿದು, ಬಲಗೈ ಮತ್ತು ಹುಬ್ಬುಗಳಲ್ಲೇ ಜೊತೆಗಾರನೊಡನೆ ವಾದಕ್ಕಿಳಿದಿದ್ದರು. ಕಿವಿ ಕೇಳುವ ಆ ಜೊತೆಗಾರ ಬಾಯಿ ತೆರೆಯದೆ ಅಷ್ಟೇ ಚುರುಕಾಗಿ ಕೈಯಲ್ಲೇ ಉತ್ತರಿಸುತ್ತಿದ್ದ. ನಾನು ಬೇಕೆಂದು ಹುಡುಕಿ ಹೋದದ್ದು ಅದನ್ನೇ, ಕ್ಯಾಮೆರಾ ಇದ್ದದ್ದು ಮಾತ್ರ ಕಾರ್ಡುಗಳ ಕಡೆಗೆ. ಮತ್ತೆ ಹೋಗುವಷ್ಟರಲ್ಲಿ ಆ ಹಿರಿಯರು ತೀರಿಕೊಂಡಿದ್ದರು.

ಈ ಭಾಷೆಯನ್ನು ರೂಪಿಸಿದವರು ಯಾರು ಎಂದೂ ಕೇಳಿದ್ದೀರಿ. ಹಾಗೆ ಒಬ್ಬರಿಲ್ಲ. ಅಲೀಪುರ ಬಹುಪಾಲು ಷಿಯಾ ಮುಸ್ಲಿಮರ ಊರು. ತಲೆಮಾರುಗಳಿಂದ ಸಂಬಂಧದೊಳಗೇ ಮದುವೆಗಳು ನಡೆದು ಆನುವಂಶಿಕ ಕಿವುಡು ಹೆಚ್ಚಿದಂತೆ, ಯಾವ ಶಾಲೆಯೂ ಕಲಿಸದೆ, ಮನೆ ಮತ್ತು ಬೀದಿಗಳಲ್ಲಿ ಕಿವುಡರೂ ಕೇಳುವವರೂ ಕೂಡಿ ಬಳಸುತ್ತ ಅದು ಬೆಳೆಯಿತು. ಬಾಲಿ ದ್ವೀಪದ ಬೆಂಗ್ಕಲಾದಲ್ಲಿ, ಇಸ್ರೇಲಿನ ನೆಗೆವ್‌ನ ಅಲ್-ಸಯ್ಯಿದ್ ಬೆಡೊಯಿನರಲ್ಲಿ ಹುಟ್ಟಿದ ಭಾಷೆಗಳೂ ಇದೇ ಬಗೆಯವು. ಆದ್ದರಿಂದ ಕಿವುಡರನ್ನಷ್ಟೇ ಚಿತ್ರೀಕರಿಸಿದರೆ ಅರ್ಧ ಭಾಷೆ ಕೈತಪ್ಪುತ್ತದೆ. ಕಿವುಡರೂ ಕೇಳುವವರೂ ಹೀಗೆಯೇ ಕೂಡಿ ಸನ್ನೆ ಭಾಷೆ ಬಳಸುತ್ತಿದ್ದ ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಆ ಪರಂಪರೆಯ ಕೊನೆಯ ಕಿವುಡ ವ್ಯಕ್ತಿ 1952ರಲ್ಲಿ ತೀರಿಕೊಂಡ ಮೇಲೆ, ಅಧ್ಯಯನಕ್ಕೆ ಹೋದ ಮಾನವಶಾಸ್ತ್ರಜ್ಞೆ ನೋರಾ ಗ್ರೋಸ್ ಅವರು ಕೇಳುವ ವೃದ್ಧರ ನೆನಪನ್ನೇ ನಂಬಬೇಕಾಯಿತು.

ಭಾರತೀಯ ಸಂಜ್ಞಾ ಭಾಷೆಯನ್ನು ಊರಿನಿಂದ ದೂರವಿಡಬೇಕು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಓದಿಗೆ, ಉದ್ಯೋಗಕ್ಕೆ ಅಲ್ಲಿನ ಮಕ್ಕಳಿಗೆ ಅದು ಬೇಕೇ ಬೇಕು. 2021ರ ಹೊತ್ತಿಗೆ ಅದರ ನಿಘಂಟು 10,000 ಪದಗಳಿಗೆ ಬೆಳೆದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ, ಸಾಧ್ಯವಿರುವಲ್ಲಿ ಸ್ಥಳೀಯ ಸಂಜ್ಞಾ ಭಾಷೆಗಳನ್ನೂ ಗೌರವಿಸಿ ಕಲಿಸಬೇಕೆಂದು ಹೇಳುತ್ತದೆ. ಆ ವಾಕ್ಯವನ್ನು ಹಿಡಿದು, ಊರಿನ ಭಾಷೆಗೂ ಜಾಗ ಕೊಡಿ ಎಂದು ಶಾಲೆಗಳನ್ನು ಕೇಳಿ.

ಹೊರಡುವ ಮೊದಲು ಸಂಜ್ಞಾ ಭಾಷೆಗಳ ಸಂಶೋಧಕ ಸಿಬಾಜಿ ಪಾಂಡಾ ಅವರು ಅಲೀಪುರದ ಭಾಷೆಯ ಕುರಿತು 2012ರಲ್ಲಿ ಪ್ರಕಟಿಸಿದ ವಿವರಣೆಯನ್ನು ಓದಿಕೊಳ್ಳಿ. ನೀವು ಸೊನ್ನೆಯಿಂದ ಆರಂಭಿಸಬೇಕಿಲ್ಲ. ಕಾರ್ಡುಗಳನ್ನು ಮನೆಯಲ್ಲೇ ಬಿಡಿ. ಅನುಮತಿ ಪಡೆದು, ಚಿಕ್ಕಂದಿನಿಂದ ಪರಸ್ಪರ ಬಲ್ಲ ಇಬ್ಬರು ಹಿರಿಯರನ್ನು ಎದುರುಬದುರು ಕೂರಿಸಿ, ಊರಿನ ಕಿವುಡ ಯುವಕರಿಗೇ ಸಂಬಳ ಕೊಟ್ಟು ಕ್ಯಾಮೆರಾ ಹಿಡಿಸಿ, ನೀವು ಅವರ ಕಣ್ಣಿಗೆ ಬೀಳದಷ್ಟು ದೂರ ಕುಳಿತುಕೊಳ್ಳಿ. ನಿಘಂಟನ್ನು ಆ ದೃಶ್ಯಗಳಿಂದ ಆಮೇಲೆ ಹೆಕ್ಕಬಹುದು.