ಶಾಲೆಯ ಮಾರ್ಚಿಂಗ್ ಬ್ಯಾಂಡ್ ಸೇರಿದ ಮಗಳ ಟ್ರಂಪೆಟ್‌ಗೆ 7ಸಿ ಅಳತೆಯ ಮೌತ್‌ಪೀಸ್ (ತುಟಿ ಇಟ್ಟು ಊದುವ ತುಂಡು) ಸಾಕೇ, 3ಸಿ ಕೊಡಿಸಬೇಕೇ?

ಶುರುವಿಗೆ 7ಸಿ ಧಾರಾಳವಾಗಿ ಸಾಕು. ಒಂದೆರಡು ವರ್ಷ ಅದರಲ್ಲೇ ನುಡಿಸಲಿ, ತುಟಿಗೆ ಬಲ ಬರಲಿ. 3ಸಿ ಆಮೇಲೆ, ಅದೂ ಕಲಿಸುವವರು ಹೇಳಿದರೆ.

ಈ ಗುರುತುಗಳು ಗೊಂದಲ ಮಾಡುತ್ತವೆ, ಅಲ್ವಾ? ಮೌತ್‌ಪೀಸ್ ಮಾಡುವ ಬಾಕ್ ಕಂಪನಿಯಲ್ಲಿ ಅಂಕಿ ಚಿಕ್ಕದಾದಷ್ಟೂ ಬಟ್ಟಲಿನ, ಅಂದರೆ ತುಟಿ ಇಡುವ ಗುಳಿಯ, ಬಾಯಿ ಅಗಲ. ಅಕ್ಷರ ಆಳವನ್ನು ಹೇಳುತ್ತದೆ. ಎ ತುಂಬಾ ಆಳ, ಇ ತೀರಾ ಕಡಿಮೆ. ಯಮಾಹಾದಲ್ಲಿ ಎರಡೂ ಉಲ್ಟಾ! ಅದಕ್ಕೇ ಯಮಾಹಾ ಟ್ರಂಪೆಟ್ ಜೊತೆ ಬರುವ 11ಬಿ4 ನೋಡಿ ಗಾಬರಿಯಾಗಬೇಡಿ. ಅದು ಹೆಚ್ಚುಕಡಿಮೆ 7ಸಿ ಥರವೇ.

ಮೈದಾನದಲ್ಲಿ ಸದ್ದು ದೂರ ಹೋಗಲಿ ಅಂತ ಕೆಲವರು ಆಳವಿಲ್ಲದ ಬಟ್ಟಲು ಕೊಡಿಸುತ್ತಾರೆ. ಸ್ವರ ಚುರುಕಾಗುವುದು ನಿಜ. ಆದರೆ ಕಲಿಯುವ ಮಕ್ಕಳ ಕೈಯಲ್ಲಿ ಅದು ತೆಳ್ಳಗೆ, ಕೀರಲಾಗಿ ಕೇಳುತ್ತದೆ. ನಾನಂತೂ ಬೇಡ ಅನ್ನುತ್ತೇನೆ. ದೂರ ಮುಟ್ಟಿಸುವುದು ಉಸಿರು.

ವಾರಕ್ಕೊಮ್ಮೆ ಬೆಚ್ಚಗಿನ ಸೋಪುನೀರಲ್ಲಿ ಮೌತ್‌ಪೀಸ್ ತೊಳೆಸಿ. ಕೊಳವೆಯಲ್ಲಿ ಸಿಕ್ಕಿಕೊಂಡರೆ ದಯವಿಟ್ಟು ಇಕ್ಕಳ ಹಾಕಿ ಎಳೆಯಬೇಡಿ, ಕೊಳವೆ ತಿರುಚಿಕೊಳ್ಳುತ್ತದೆ. ವಾದ್ಯ ರಿಪೇರಿಯವರ ಹತ್ತಿರ ಅದನ್ನು ಬಿಡಿಸುವ ಸಾಧನವೇ ಇರುತ್ತದೆ.