ಸಹಿ ಹಾಕಿದ ದಿನವಲ್ಲ, ಚಾಲನೆಯ ದಿನ

2023ರಲ್ಲೇ ವಿದ್ಯುತ್ ಖರೀದಿ ಒಪ್ಪಂದಕ್ಕೆ ಸಹಿ ಹಾಕಿದ್ದರೂ, 2025ರ ಜುಲೈ 4ರಂದು ಚಾಲನೆಗೊಂಡ ನಿಮ್ಮ ಗದಗದ ಸೌರ ಸ್ಥಾವರಕ್ಕೆ ಅಂತರರಾಜ್ಯ ಪ್ರಸರಣ ಶುಲ್ಕದ (ರಾಜ್ಯಗಳ ನಡುವಿನ ಮಾರ್ಗಗಳಲ್ಲಿ ವಿದ್ಯುತ್ ಸಾಗಿಸುವ ಶುಲ್ಕ) ಶೇ 25ರಷ್ಟು ಬಿದ್ದಿರುವುದಕ್ಕೆ ಕಾರಣ ಬಹುಶಃ ಆ ನಾಲ್ಕು ದಿನಗಳೇ. ಪೂರ್ಣ ವಿನಾಯಿತಿ ಜೂನ್ 30ರೊಳಗೆ ಚಾಲನೆಗೊಂಡವಕ್ಕೆ ಮಾತ್ರ. ನಂತರದ ಒಂದು ವರ್ಷದವಕ್ಕೆ ಶೇ 25, ಮರುವರ್ಷದವಕ್ಕೆ ಶೇ 50.

ಮೊದಲು ಚಾಲನಾ ಪ್ರಮಾಣಪತ್ರಗಳನ್ನು ತೆಗೆದು, ಯಾವುದಾದರೂ ಹಂತ ಜೂನ್‌ನಲ್ಲೇ ಚಾಲನೆಗೊಂಡಿತ್ತೇ ಎಂದು ನೋಡಿ. ಸ್ಥಾವರ ಸಿದ್ಧವಿದ್ದೂ ಪ್ರಸರಣ ಮಾರ್ಗ ತಡವಾಗಿದ್ದರೆ, ಸಕ್ಷಮ ಪ್ರಾಧಿಕಾರವು ಚಾಲನೆಯ ಅವಧಿ ವಿಸ್ತರಿಸಿದ ಆದೇಶವನ್ನು ಹುಡುಕಿ, ಅದರ ಪ್ರತಿಯೊಂದಿಗೆ ದೇಶದ ವಿದ್ಯುತ್ ಜಾಲವನ್ನು ನಿರ್ವಹಿಸುವ ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಸೆಂಟರ್‌ಗೆ ಬರೆಯಿರಿ. ಬರೀ ಪತ್ರವ್ಯವಹಾರ ಸಾಲದು, ಆದೇಶವೇ ಬೇಕು.

ಅದಿಲ್ಲದಿದ್ದರೆ ಉಳಿಯುವುದು ಒಪ್ಪಂದದ ‘ಕಾನೂನು ಬದಲಾವಣೆ’ ಷರತ್ತು, ಎಂದರೆ ಒಪ್ಪಂದದ ನಂತರ ಕಾನೂನು ಬದಲಾಗಿ ಬಿದ್ದ ಹೊರೆಗೆ ಪರಿಹಾರ ಕೇಳುವ ದಾರಿ. ಗಡುವು 2021ರಲ್ಲೇ ಪ್ರಕಟವಾಗಿದ್ದರಿಂದ ಆ ವಾದ ದುರ್ಬಲವೆಂದೇ ನನ್ನ ಅನಿಸಿಕೆ. ಷರತ್ತಿನ ಪದಗಳನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.