ಮೊದಲ ಎರಡು ಪುಟ ತೆಗೆದುಬಿಡಿ

ನಮಸ್ಕಾರ,

ಮೊದಲ ಮಹಾಯುದ್ಧದ ಕಂದಕಗಳ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವ ಬರಹವೂ ಅಲ್ಲ. ಅದಕ್ಕೇ ಈ ಉದ್ದದ ಪತ್ರ.

ಮೊದಲ ಎರಡು ಪುಟ ಬೇಡ. ಸರಾಯೆವೊ, ರಾಜಕುಮಾರನ ಕೊಲೆ, ಯಾರು ಯಾರ ಮೇಲೆ ಯುದ್ಧ ಸಾರಿದರು ಎಲ್ಲ ಹೈಸ್ಕೂಲ್ ಪಾಠದಲ್ಲೇ ಇದೆ. ನಿಮ್ಮ ಕಥೆ ಶುರುವಾಗುವುದು 1914ರ ಸೆಪ್ಟೆಂಬರಿನಲ್ಲಿ. ಫ್ರಾನ್ಸಿನ ಮಾರ್ನ್ ನದಿಯಿಂದ ಹಿಂದೆ ಸರಿದ ಜರ್ಮನರು ಎಯ್ನ್ ನದಿಯ ಮೇಲಿನ ದಿಬ್ಬದಲ್ಲಿ ಕಂದಕ ತೋಡಲು ಗುದ್ದಲಿ ಹಿಡಿದರಲ್ಲ, ಅಲ್ಲಿ.

ಯುದ್ಧ ವರ್ಷಗಟ್ಟಲೆ ಕಂದಕದಲ್ಲೇ ಸಿಕ್ಕಿಕೊಂಡದ್ದೇಕೆ ಎಂಬುದನ್ನು 'ದಡ್ಡ ಜನರಲ್‌ಗಳು ಮತ್ತು ಮೆಷಿನ್ ಗನ್, ಇವೆರಡೇ ಕಾರಣ' ಎಂದು ಮೂರನೇ ಪುಟದಲ್ಲಿ ಮುಗಿಸಿಬಿಟ್ಟಿದ್ದೀರಿ. ನನ್ನ ದೊಡ್ಡ ತಕರಾರು ಇದೇ. ಮೆಷಿನ್ ಗನ್ ಇದ್ದರೂ ಮೊದಲ ಸಾಲಿನ ಕಂದಕ ಹಿಡಿದವರಿದ್ದರು. 1915ರ ಮಾರ್ಚ್ 10ರಂದು ಫ್ರಾನ್ಸಿನ ನ್ಯೂವ್ ಶಾಪೆಲ್ ಎಂಬ ಹಳ್ಳಿಯಲ್ಲಿ ನಡೆದ ಕದನ ನೋಡಿ. ಬರೀ 35 ನಿಮಿಷ ಫಿರಂಗಿ ಹೊಡೆದು ಬ್ರಿಟಿಷರು, ಜೊತೆಗೆ ನಮ್ಮ ಗಢವಾಲಿಗಳು, ಗೂರ್ಖಾಗಳು ನುಗ್ಗಿದರು. ಬೆಳಿಗ್ಗೆಯೇ ಊರು ಕೈಗೆ ಬಂತು. ಆಮೇಲೆ? ಶೆಲ್ ಬಿದ್ದು ಟೆಲಿಫೋನ್ ತಂತಿ ತುಂಡಾಗಿತ್ತು. ಸುದ್ದಿ ಹಿಂದಕ್ಕೆ ಹೋಗಿ ಹುಕುಂ ಮುಂದಕ್ಕೆ ಬರುವಷ್ಟರಲ್ಲಿ ಸಂಜೆಯಾಯಿತು. ಅಷ್ಟರಲ್ಲಿ ಜರ್ಮನರು ಹೊಸ ಪಡೆ ತರತೊಡಗಿದ್ದರು. ನುಗ್ಗುವವನಿಗೆ ಕೆಸರಲ್ಲಿ ಕಾಲ್ನಡಿಗೆ, ತಡೆಯುವವನಿಗೆ ಬೆನ್ನ ಹಿಂದೆ ರೈಲು. ನಿಮ್ಮ ಲೇಖನದಲ್ಲಿ ರೈಲು ಎಂಬ ಪದವೇ ಇಲ್ಲ. ಎರಡು ಸಲ ಹುಡುಕಿದೆ.

ಪರಿಣಾಮಗಳೂ ಇಲ್ಲಿಂದಲೇ ಹುಟ್ಟಬೇಕು. ಶೆಲ್ ಜಾಸ್ತಿ ಸುರಿದರೆ ದಾರಿ ಬಿಟ್ಟೀತು ಎಂದುಕೊಂಡರು. 1916ರಲ್ಲಿ ಫ್ರಾನ್ಸಿನ ಸೊಮ್ ನದಿಯ ಬಳಿ ಬ್ರಿಟಿಷರು ಸುರಿದದ್ದು ಏಳು ದಿನ, ಸುಮಾರು 15 ಲಕ್ಷ ಶೆಲ್. ಬರುತ್ತೇವೆ ಎಂದು ವಾರ ಮೊದಲೇ ಡಂಗುರ ಸಾರಿದ ಹಾಗಾಯಿತು. ನೆಲದಾಳದಲ್ಲಿ ಅಡಗಿದ್ದ ಜರ್ಮನರು ಶೆಲ್ ನಿಂತ ಕೂಡಲೇ ಮೇಲೆ ಬಂದರು. ಜುಲೈ 1ರ ಒಂದೇ ದಿನ ಬ್ರಿಟಿಷ್ ಕಡೆ ಸತ್ತವರು 19,240. ನೀವು 'ಅಸಂಖ್ಯಾತ ವೀರರು' ಎಂದು ಬರೆದಿದ್ದೀರಿ. ಅಸಂಖ್ಯಾತ ಅಲ್ಲ ಸ್ವಾಮಿ, ಎಣಿಸಿದ್ದಾರೆ.

ಚೆನ್ನಾಗಿರುವುದನ್ನೂ ಹೇಳಬೇಕಲ್ವಾ? ನೀರಲ್ಲಿ ನಿಂತು ಪಾದ ಕೊಳೆಯದಿರಲೆಂದು ಸೈನಿಕರು ತಿಮಿಂಗಿಲದ ಎಣ್ಣೆ ಸವರಿಕೊಳ್ಳುವ ಸಾಲುಗಳಿವೆಯಲ್ಲ, ಅಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ. 1916-17ರ ಚಳಿಗಾಲದಲ್ಲಿ ಜರ್ಮನಿಯ ಜನ ಆಲೂಗಡ್ಡೆ ಸಿಗದೆ ದನದ ಮೇವಿನ ಗಡ್ಡೆ ತಿಂದದ್ದು ನಿಮ್ಮಲ್ಲಿ ಒಂದೇ ಸಾಲು. ಅದನ್ನು ಬೆಳೆಸಿ.

ಇನ್ನೊಂದು ತಪ್ಪು. ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನವರನ್ನು ಫ್ರಾನ್ಸಿನ ಕಂದಕದಲ್ಲಿ ನಿಲ್ಲಿಸಿದ್ದೀರಿ. ಅವರಿದ್ದದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಕುದುರೆ ಮೇಲೆ ನುಗ್ಗಿ ತುರ್ಕರ ಕೈಲಿದ್ದ ಹೈಫಾ ಬಂದರು ಊರನ್ನು ಹಿಡಿದರು. ಇದನ್ನು ಕಿತ್ತುಹಾಕಬೇಡಿ, ಸರಿಮಾಡಿ ಬಳಸಿಕೊಳ್ಳಿ. ಫ್ರಾನ್ಸಿನಲ್ಲಿ ಆಗದ್ದು ಅಲ್ಲಿ ಹೇಗಾಯಿತು? ತುರ್ಕರ ಸಾಲು ತೆಳ್ಳಗಿತ್ತು. ನಾಲ್ಕು ದಿನ ಮೊದಲೇ ಕಾಲಾಳುಗಳು ಸಮುದ್ರದ ಪಕ್ಕ ಅದನ್ನು ಸೀಳಿದ್ದರು. ಆ ತೂತು ಮುಚ್ಚಲು ಹಿಂದೆ ಸಾಕಷ್ಟು ಪಡೆ ಇರಲಿಲ್ಲ.

ಏಳು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಜೊತೆಗೊಂದು ನಕ್ಷೆ ಇರಲಿ, ರೈಲು ಹಳಿ ಕಾಣುವಂಥದ್ದು.

— ಸಂಪಾದಕ